ಮೀಸೆಗೆ ತಾಗಿದ ಕತ್ತಿ

ನಿನ್ನೆ ಸಲೂನಿನವನು ಕೆನ್ನೆಗೆ ಪಟಿಕದ ಕಲ್ಲು ಉಜ್ಜಿದ. ಆ ಚುರುಕಿಗೆ ಯಳಂದೂರಿನ ನಮ್ಮ ಮನೆಯ ಜಗಲಿ ನೆನಪಾಯಿತು.

ನನಗೆ ಕ್ಷೌರದ ಕತ್ತಿ ಹಿಡಿಯಲು ಕಲಿಸಿದವನು ನಮ್ಮ ಮನೆಯಲ್ಲೇ ಇದ್ದ ಸೋದರಮಾವ. ಕತ್ತಿಯನ್ನು ತೊಗಲಿನ ಪಟ್ಟಿಗೆ ತೀಡಿ, ಎಳೆ ಬೂದುಗುಂಬಳಕ್ಕೆ ಸೋಪಿನ ನೊರೆ ಬಳಿದು, ಮೊದಲು ಅದರ ರೋಮ ಹೆರೆಸಿದ. "ಸಿಪ್ಪೆ ಗೀರುದ್ರೆ ನಿನ್ ಕೆನ್ನೆ ಕುಯ್ದಂಗೆ ಕಣ್ಲಾ!" ಮೂರು ಕಾಯಿ ಹಾಳಾದ ಮೇಲೆ ಕೆನ್ನೆಯ ಸರದಿ ಬಂತು. ಒಂದು ಗಾಯವೂ ಆಗಲಿಲ್ಲ. ಬೀಗಿದೆ.

"ಮೀಸೆನೂ ತಗ್ದಾಕ್ಲಾ, ಪ್ಯಾಟೆ ಐಕ್ಳಂಗೆ ಕಾಣ್ತೀಯ" ಎಂದ ಮಾವ. ಚಿಗುರು ಮೀಸೆಯನ್ನೂ ತೆಗೆದೆ.

ಗದ್ದೆಯಿಂದ ಬಂದ ಅಪ್ಪ ನನ್ನ ತುಟಿ ನೋಡಿ ನಿಂತುಬಿಟ್ಟ. "ಅಪ್ಪ ಸತ್ರೆ ಕಣ್ಲಾ ಮೀಸೆ ಬೋಳ್ಸೋದು. ನಾನಿನ್ನೂ ಬದುಕಿವ್ನಿ. ಯಾರ್ಲಾ ತಗಿ ಅಂದೋರು?"

ನಾನು ಮಾವನ ಕಡೆ ನೋಡಿದೆ. ಅವನು ಕತ್ತಿ ಒರೆಸುತ್ತ, "ಬ್ಯಾಡ ಅಂದೆ ಭಾವ, ನನ್ ಮಾತ ಕೇಳ್ನಿಲ್ಲ" ಎಂದ.

ಮೀಸೆ ಮತ್ತೆ ಬರುವವರೆಗೂ ಅಪ್ಪ ನನ್ನ ಮುಖ ನೋಡಲಿಲ್ಲ. ಮಾವ ಮಾತ್ರ ಎಂದಿನಂತೆ ಅಪ್ಪನ ಪಕ್ಕದಲ್ಲೇ ಊಟಕ್ಕೆ ಕೂರುತ್ತಿದ್ದ. ಮಾವನ ಊರಾದ ಸತ್ತೇಗಾಲದಲ್ಲಿ ಅವನ ಅಪ್ಪ ಇನ್ನೂ ಗಟ್ಟಿಯಾಗಿದ್ದ. ಮಾವ ತನ್ನ ಹುರಿಮೀಸೆಯನ್ನು ಒಮ್ಮೆಯೂ ಬೋಳಿಸಿರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದದ್ದು ಆಗಲೇ.

ನಿನ್ನೆ ಸಲೂನಿನವನು, "ಮೀಸೆ ತಗ್ದುಬುಡ್ಲಾ ತಾತ?" ಎಂದು ಕೇಳಿದ. ನಾನು ಮೊದಲು ಅವನ ಮೇಲ್ತುಟಿ ನೋಡಿದೆ.