ಗುಲಾಬಸಾಬರ ಪಕ್ಕಾ ಬಿಲ್ಲು

ದುರ್ಗದಬೈಲಿನ ಸ್ಟೀಲ್ ಪಾತ್ರೆ ಅಂಗಡಿಯ ಗುಲಾಬಸಾಬರು ಸೀನಿದರೂ ಅದಕ್ಕೊಂದು ಬಿಲ್ಲು ಹರಿಯುತ್ತಾರೆಂದು ಬಜಾರವೆಲ್ಲ ನಗುತ್ತದೆ. "ಬಿಲ್ ಬ್ಯಾಡ್ರಿ, ಜಿಎಸ್‌ಟಿ ಬಿಡ್ರಿ" ಎಂದು ಗಿರಾಕಿ ರಾಗ ತೆಗೆದರೆ, "ಮಾಲು ನಂದು, ಬೇಕಾದ್ರ ಬಿಡ್ತೇನಿ, ಟ್ಯಾಕ್ಸ್ ಏನ್ ನಮ್ಮಪ್ಪಂದೇನ್ರಿ?" ಎಂದು ಗದರಿ, ಆ ಗಿರಾಕಿಯನ್ನು ಪಕ್ಕದ ಅಂಗಡಿಗೆ ದಾನ ಮಾಡುತ್ತಾರೆ. ಹೆಂಡತಿ ಹಾಜರಾಬಿ ಮನೆಗೊಂದು ಸೌಟು ಒಯ್ದರೂ ಬಿಲ್ಲು ತಪ್ಪದು. ಆಕೆ ಅದನ್ನು ಅವರ ಚಹಾದ ಕಪ್ಪಿನಡಿಗೇ ಇಟ್ಟು ಸೇಡು ತೀರಿಸಿಕೊಳ್ಳುತ್ತಾಳೆ. ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸುವ ದಿನ ಮಾತ್ರ ಸರಕಾರದ ಏಳು ತಲೆಮಾರನ್ನೂ ಬೈಯುತ್ತ, ಮೊಬೈಲನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಯಾ ಅಲ್ಲಾ, ಲಗೂನ ಓಟಿಪಿ ಕಳಸು" ಎಂದು ಬೇಡುತ್ತಾರೆ. ಮೊನ್ನೆ ಉಪ್ಪಿನಬೆಟಗೇರಿಯ ರತ್ನವ್ವ ಬಂದು ಹಾಲಿನ ಕ್ಯಾನು ಕೊಂಡಳು. "ಬಿಲ್ ಯಾರ ಹೆಸರಿಗೆ ಬರೀಲೆವ್ವಾ?" ಎಂದು ಸಾಬರು ಕೇಳಿದರು. "ನಮ್ಮ ಮನಿಯವ್ರ ಹೆಸರಿಗೆ ಬರೀರಿ ಕಾಕಾ." "ಎಮ್ಮಿ ಹಿಂಡಾವ್ರು ಯಾರು?" "ನಾನ್ರೀ." "ಹಾಲು ಮಾರಾವ್ರು?" "ಅದೂ ನಾನ್ರೀ." "ಹಂಗಾರ ಕ್ಯಾನು ಅವ್ರದ ಹೆಂಗಾತು?" ಎಂದವರೇ 'ಶ್ರೀಮತಿ ರತ್ನವ್ವ, ಹಾಲಿನ ವ್ಯಾಪಾರಿ' ಎಂದು ಬರೆದು ಓದಿ ಹೇಳಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಇನ್ನೊಮ್ಮೆ ಓದ್ರಿ ಕಾಕಾ" ಎಂದಳು. ಗುಲಾಬಸಾಬರು ಗಾದಿಯಿಂದ ಎದ್ದು ನಿಂತು, ಬಜಾರಕ್ಕೆಲ್ಲ ಕೇಳುವಂತೆ ಓದಿದರು.