ಅತ್ತೆ ಕಿತ್ತ ಜೊಂಡು

ನಮ್ಮೂರು ಸೂಲಿಬೆಲೆಯ ಹತ್ತಿರ. ಊರಿನ ಬಚ್ಚಲ ನೀರೆಲ್ಲ ಚರಂಡಿ ಹಿಡಿದು ಕೆರೆಗೇ ಹೋಗುತ್ತಿತ್ತು. ಹೀಗಾಗಿ ಮದುವೆಮನೆಯವರು ಶಾಸ್ತ್ರದ ನೀರಿಗೆ ಕೆರೆಯ ಕಡೆ ಹೋಗುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಬೀದಿ ನಲ್ಲಿಗೆ ಅರಿಶಿನ ಕುಂಕುಮ ಇಟ್ಟು, ಊದಿನಕಡ್ಡಿ ಹಚ್ಚಿ, ಬಿಂದಿಗೆ ತುಂಬಿಸಿಕೊಂಡು ಬರುತ್ತಿದ್ದರು. ನನ್ನ ನಾದಿನಿಯ ಮದುವೆಯಲ್ಲಿ ವಾಲಗದವರು ನಲ್ಲಿಯ ಮುಂದೆ ನಿಂತು ಊದುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯ ಕಣ್ಣಲ್ಲಿ ಮಾತ್ರ ನೀರು. ಗಂಗಮ್ಮನನ್ನು ನಲ್ಲಿಯಲ್ಲಿ ಕರೆಯುವ ಹಾಗಾಯಿತಲ್ಲ ಎಂದು ಆ ದಿನವೆಲ್ಲ ಮುಖ ಊದಿಸಿಕೊಂಡಿದ್ದರು.

ಹೋದ ವರ್ಷ ಪಂಚಾಯಿತಿಯವರು ಚರಂಡಿ ಕೆರೆಗೆ ಸೇರುವ ಕಡೆ ಮೂರು ತೊಟ್ಟಿ ಕಟ್ಟಿಸಿದರು. ಮೊದಲನೆಯದರಲ್ಲಿ ಗಸಿ ತಳಕ್ಕೆ ಇಳಿಯುತ್ತದೆ. ಎರಡನೆಯದಕ್ಕೆ ಜಲ್ಲಿ ತುಂಬಿ ಜೊಂಡು, ಕಾಬಾಳೆ ನೆಟ್ಟಿದ್ದಾರೆ; ಕೊಳೆಯನ್ನು ಬೇರುಗಳೇ ತಿಂದುಬಿಡುತ್ತವಂತೆ. ಮೂರನೆಯದರಿಂದ ನೀರು ತಿಳಿಯಾಗಿ ಕೆರೆಗೆ ಬೀಳುತ್ತದೆ. ಇದೆಲ್ಲ ಎರಡು ದಿನದ ಆಟ ಎಂದುಕೊಂಡಿದ್ದೆ. ಮಳೆಗಾಲ ಕಳೆಯುವುದರೊಳಗೆ, ಡೈರಿಗೆ ಹಾಲು ಹಾಕಿ ಬರುವಾಗ ಮೂಗಿಗೆ ಸೆರಗು ಹಿಡಿಯುವುದೇ ಮರೆತುಹೋಯಿತು. ಸಂಜೆ ಹೊತ್ತು ಏರಿಯ ಮೇಲೆ ಸುಮ್ಮನೆ ಕೂತು ಬರುವುದೂ ಶುರುವಾಯಿತು.

ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ಈ ಸಲ ಶಾಸ್ತ್ರದ ನೀರು ಕೆರೆಯದ್ದೇ ಆಗಬೇಕು ಎಂದು ನಾನು ಪಟ್ಟು ಹಿಡಿದೆ. ಅತ್ತೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಚರಂಡಿ ನೀರು ಎಷ್ಟು ತೊಳೆದರೂ ಚರಂಡಿ ನೀರೇ ಎಂದು ಅವರ ಮನಸ್ಸಿನಲ್ಲಿದೆ ಅಂದುಕೊಂಡು ನನಗೆ ಒಳಗೊಳಗೇ ಸಿಟ್ಟು.

ಒಂದು ಬೆಳಿಗ್ಗೆ ಡೈರಿಯಿಂದ ಬರುತ್ತಾ ನೋಡುತ್ತೇನೆ, ಎರಡನೆಯ ತೊಟ್ಟಿ ಬೋಳು. ಜೊಂಡು, ಕಾಬಾಳೆಯೆಲ್ಲ ಬುಡಸಮೇತ ಏರಿಯ ಮೇಲೆ ರಾಶಿ ಬಿದ್ದಿದೆ. ಪಕ್ಕದಲ್ಲಿ ಅತ್ತೆ, ಸೀರೆ ಎತ್ತಿ ಕಟ್ಟಿಕೊಂಡು ನಿಂತಿದ್ದಾರೆ. ಹೊಲದಲ್ಲಿ ಒಂದು ಕಳೆ ಕಂಡರೂ ಊಟ ಸೇರದ ಜೀವ ಅದು.

"ಏನತ್ತೆ ಇದು, ಯಾರು ಕೀಳು ಅಂದ್ರು?" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದೆ.

ಅವರು ಸೊಂಟ ನೆಟ್ಟಗೆ ಮಾಡಿಕೊಂಡರು. "ಕಳೆ ಬೆಳ್ಕೊಂಡಿತ್ತು ಕಣವ್ವ. ಮೊಮ್ಮಗಳ ಮದ್ವೆಗೆ ನೀರು ತಗೊಂಡೋಗೋ ಜಾಗ, ಚೊಕ್ಕಟವಾಗಿರ್ಲಿ ಅಂತ ಕಿತ್ತೆ."

ಅವರಿಗೂ ಕೆರೆ ನೀರೇ ಬೇಕಿತ್ತು. ನನಗಿಂತ ಹೆಚ್ಚಾಗಿಯೇ ಬೇಕಿತ್ತು. ಆ ಕಳೆಯೇ ನೀರು ತೊಳೆಯುವುದು ಎಂದು ತಿಳಿಸಿ ಹೇಳಿದಾಗ ಅವರ ಮುಖ ಸಪ್ಪಗಾಯಿತು. ಬೇರು ಒಣಗುವ ಮೊದಲೇ ನೆಟ್ಟುಬಿಡೋಣ ಅಂದರು. ಮಗಳನ್ನೂ ಕೂಗಿ ಕರೆದೆವು. ಪೈರು ನಾಟಿ ಮಾಡುವ ಹಾಗೆ ಸಾಲು ಹಿಡಿದು, ಜಲ್ಲಿ ಸರಿಸಿ ಬುಡ ಊರುತ್ತಾ ಮೂವರೂ ಮಧ್ಯಾಹ್ನದವರೆಗೆ ಬಗ್ಗಿದ್ದೆವು. ನಾನು ನೆಟ್ಟದ್ದು ಸೊಟ್ಟಗಿದೆ ಎಂದು ಅತ್ತೆ ಕಿತ್ತು ಮತ್ತೆ ನೆಟ್ಟರು. ಕಿತ್ತವರ ದೌಲತ್ತು ನೋಡು ಎಂದು ಮಗಳ ಕಡೆ ಕಣ್ಣು ಮಿಟುಕಿಸಿದೆ.

ಮೊದಮೊದಲು ವಾಸನೆ ಮತ್ತೆ ಬಂತು. ಅತ್ತೆ ದಿನಾ ಹೋಗಿ ನೋಡಿ ಬರುತ್ತಿದ್ದರು, ಊಟವೂ ಅಷ್ಟಕ್ಕಷ್ಟೆ. ಜೊಂಡು ಚಿಗುರಿದ್ದು ಕಂಡ ದಿನ ಎರಡು ಮುದ್ದೆ ತಿಂದರು. ಮದುವೆ ಹತ್ತಿರ ಬರುವ ಹೊತ್ತಿಗೆ ತೊಟ್ಟಿ ಮೊದಲಿನ ಹಾಗೆ ಹಸಿರಾಯಿತು.

ಶಾಸ್ತ್ರದ ದಿನ ವಾಲಗವನ್ನು ಮುಂದಿಟ್ಟುಕೊಂಡು ಕೆರೆಗೆ ಹೋದೆವು. ನೀರು ತಿಳಿಯಾಗಿತ್ತು, ವಾಸನೆ ಇರಲಿಲ್ಲ. ಆದರೂ ಬಿಂದಿಗೆ ಹಿಡಿದ ಮುತ್ತೈದೆಯರು ದಡದಲ್ಲೇ ನಿಂತುಬಿಟ್ಟರು. ಒಬ್ಬರ ಮುಖ ಒಬ್ಬರು ನೋಡುತ್ತಾರೆ, ನೀರಿಗೆ ಮಾತ್ರ ಯಾರೂ ಇಳಿಯರು. ಈ ಸಲವೂ ನಲ್ಲಿಯೇ ಗತಿಯೇನೋ ಅನ್ನಿಸಿತು. ನಾನೇ ಇಳಿಯೋಣವೆಂದು ಸೆರಗು ಸಿಕ್ಕಿಸಿಕೊಂಡೆ.

ಮಾವ ತೀರಿಕೊಂಡ ಮೇಲೆ ಇಂಥ ಕಡೆಯೆಲ್ಲ ಅತ್ತೆ ಹಿಂದೆಯೇ ನಿಲ್ಲುವವರು. ಅವತ್ತು ಗುಂಪು ಸರಿಸಿಕೊಂಡು ಮುಂದೆ ಬಂದು, ನನ್ನ ಕೈಯಲ್ಲಿದ್ದ ಬಿಂದಿಗೆ ತೆಗೆದುಕೊಂಡು, ಮಂಡಿಯುದ್ದ ನೀರಿಗೆ ಇಳಿದರು. ಬೊಗಸೆಯಲ್ಲಿ ನೀರೆತ್ತಿ ಮುಖ ತೊಳೆದುಕೊಂಡರು. ಬಿಂದಿಗೆ ಮುಳುಗಿಸಿ ತುಂಬಿದರು.

"ಬನ್ರವ್ವ," ಅಂದರು, "ಆ ಜೊಂಡು ನಾನೇ ನೆಟ್ಟಿರೋದು."

ಒಬ್ಬೊಬ್ಬರಾಗಿ ಇಳಿದರು. ಮೊದಲ ಬಿಂದಿಗೆ ಮುತ್ತೈದೆಯೇ ತುಂಬಬೇಕು ಎನ್ನುವ ಮಾತನ್ನು ಯಾರೂ ಎತ್ತಲಿಲ್ಲ. ಅತ್ತೆ ತುಂಬಿದ ಬಿಂದಿಗೆಯನ್ನೇ ಸೊಂಟಕ್ಕೇರಿಸಿಕೊಂಡು ಬಂದು ಹಸೆಮಣೆಯ ಪಕ್ಕದಲ್ಲಿ ಇಟ್ಟೆ.