ಅತಿ ಸಣ್ಣ ಸೈಜಿನ ನಗು

ವಿಡಿಯೊ ತೆಗೆಯುವ ಅಂಗಡಿ ಇಟ್ಟಿದ್ದ ಅವನನ್ನು ಎಲ್ಲರೂ ಫಟಾಫಟ್ ಎಂದೇ ಕರೆಯುತ್ತಿದ್ದರು. ಮದುವೆಗೆ ಬಂದ ನೆಂಟರು ಮನೆ ತಲುಪಿ ಚಪ್ಪಲಿ ಬಿಡುವಷ್ಟರಲ್ಲಿ ಮದುವೆಯ ವಿಡಿಯೊ ಅವರ ಫೋನಿನಲ್ಲಿ ಕೂತಿರುತ್ತಿತ್ತು. ಗುಟ್ಟು ದೊಡ್ಡದೇನಲ್ಲ. ಎಡಿಟ್ ಮುಗಿಸಿ ವಿಡಿಯೊವನ್ನು ಫೈಲಾಗಿ ಎಕ್ಸ್‌ಪೋರ್ಟ್ ಮಾಡುವಾಗ ಪಟ್ಟಿಯ ತೀರ ಕೆಳಗಿನ, ಅತಿ ಸಣ್ಣ ಸೈಜನ್ನು ಆರಿಸುವುದು, ಆಮೇಲೆ ಕ್ಯಾಮೆರಾದ ಮೂಲ ಫೈಲುಗಳನ್ನು ಅಳಿಸಿ ಮುಂದಿನ ಕೆಲಸಕ್ಕೆ ಜಾಗ ಮಾಡುವುದು. ಯಾರಾದರೂ ತಕರಾರು ತೆಗೆದರೆ, "ಅಂಗೈಯಷ್ಟು ಫೋನಲ್ಲಿ ನೋಡೋಕೆ ಇಷ್ಟು ಸಾಲ್ದಾ?" ಎಂದು ಬಾಯಿ ಮುಚ್ಚಿಸುತ್ತಿದ್ದ. ಸೋಮಾರಿತನಕ್ಕೆ ಚುರುಕು ಎಂದು ಹೆಸರಿಟ್ಟುಕೊಂಡಿದ್ದ ಎನ್ನಿ.

ಸೋದರತ್ತೆಯ ಗಂಡನಾದ ಮಾವನ ನಿವೃತ್ತಿಯ ಬೀಳ್ಕೊಡುಗೆಯ ವಿಡಿಯೊಗೂ ಅದೇ ಗತಿಯಾಯಿತು. ಬಸ್ ಡ್ರೈವರಾಗಿದ್ದ ಮಾವ ಕ್ಯಾಮೆರಾ ಕಂಡರೆ ಮುಖ ಗಂಟು ಹಾಕಿಕೊಳ್ಳುವ ಆಸಾಮಿ. ಅವತ್ತು ಡಿಪೊದಲ್ಲಿ ಮೆಕ್ಯಾನಿಕ್ ಒಬ್ಬ ಹಳೆಯ ಸ್ಟೀರಿಂಗ್ ಚಕ್ರವನ್ನು ಅವರ ಕೊರಳಿಗೆ ನೇತುಹಾಕಿ, "ಮನೇಲಿ ಕೈ ತುರಿಸಿದ್ರೆ ತಿರುಗಿಸ್ಕೊಳ್ಳಿ" ಎಂದಾಗ, ಹಲ್ಲೆಲ್ಲ ಕಾಣುವ ಹಾಗೆ ನಕ್ಕುಬಿಟ್ಟಿದ್ದರು. ಆರು ತಿಂಗಳಿಗೆ ಎದೆನೋವು ಬಂದು ತೀರಿಕೊಂಡರು. ಅವರ ನಗು ಉಳಿದದ್ದು ಅದೊಂದು ವಿಡಿಯೊದಲ್ಲಿ ಮಾತ್ರ.

ಒಂದು ಭಾನುವಾರ ಅತ್ತೆ ಅವನನ್ನು ಮನೆಗೆ ಕರೆಸಿದರು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿದ, ಅಪ್ಪನ ತಂಗಿ.

"ದೊಡ್ಡ ಟಿವಿಯಲ್ಲಿ ಹಾಕೋ. ಅವರ ಮುಖ ಕಣ್ತುಂಬ ನೋಡ್ಬೇಕು."

ಹಾಕಿದ. ಮಾವ ನಕ್ಕರು. ಹಲ್ಲೂ ಮೀಸೆಯೂ ಕಲಸಿಕೊಂಡು ಚೌಕ ಚೌಕವಾಗಿ ಒಡೆದವು. ಕಣ್ಣಿರಬೇಕಾದ ಕಡೆ ಎರಡು ಕಪ್ಪು ಮಚ್ಚೆ.

ಅತ್ತೆ ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರು. "ಹಾಳಾದ್ದು, ಕಣ್ಣು ಮಂಜಾಗಿದೆ ಕಣೋ. ನಿನ್ನ ಕೆಲಸ ಎಲ್ಲಾದ್ರೂ ತಪ್ಪಿರುತ್ತಾ?"

"ಹೌದತ್ತೆ, ಡಾಕ್ಟ್ರಿಗೆ ಒಂದ್ಸಲ ತೋರಿಸಿ," ಅಂದುಬಿಟ್ಟ. ಅಂದ ಮರುಗಳಿಗೆಯೇ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ವಾರವಿಡೀ ಇದ್ದಬದ್ದ ಡಿಸ್ಕು, ಕಾರ್ಡುಗಳನ್ನೆಲ್ಲ ಜಾಲಾಡಿದ. ಸಣ್ಣ ಫೈಲನ್ನೇ ಎಲ್ಲಕ್ಕಿಂತ ದೊಡ್ಡ ಸೈಜಿಗೆ ಎಕ್ಸ್‌ಪೋರ್ಟ್ ಮಾಡಿ ನೋಡಿದ. ಚೌಕಗಳು ದೊಡ್ಡವಾದವು, ಅಷ್ಟೇ. ಇಲ್ಲದ್ದನ್ನು ಯಾವ ಸಾಫ್ಟ್‌ವೇರ್ ತಾನೇ ತಂದೀತು?

ಮುಂದಿನ ಭಾನುವಾರ ಅತ್ತೆಯೇ ಅವನ ಅಂಗಡಿಗೆ ಬಂದರು. ಮೂಗಿನ ಮೇಲೆ ದಪ್ಪ ಗಾಜಿನ ಹೊಸ ಕನ್ನಡಕ.

"ಡಾಕ್ಟ್ರು ಕಣ್ಣು ಚೆನ್ನಾಗಿದೆ ಅಂದ್ರು. ಅವರಿಗೇನು ಗೊತ್ತು? ಜಗಳ ಆಡಿ ನಂಬರ್ ಜಾಸ್ತಿ ಮಾಡಿಸ್ಕೊಂಡೆ." ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡರು. "ಈಗ ಹಾಕು."

ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಅತ್ತೆ, ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಬೇಗ ಮುಗೀಲಿ ಅಂತ ನಾನೇ ಸಣ್ಣದು ಮಾಡ್ದೆ. ಮುಂದಿನ ಕೆಲಸಕ್ಕೆ ಜಾಗ ಬೇಕು ಅಂತ ಒಳ್ಳೇದನ್ನ ಅಳಿಸಿಹಾಕ್ದೆ. ಅವತ್ತೇ ಹೇಳೋಕೆ ಬಾಯಿ ಬರ್ಲಿಲ್ಲ."

ಅತ್ತೆ ಬೈಯಲಿಲ್ಲ. ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು ಮುಚ್ಚಿದರು. ಆಮೇಲೆ ಮೆಲ್ಲಗೆ ಕೇಳಿದರು, "ಯಾರ ವಿಡಿಯೊಗೋಸ್ಕರ ಜಾಗ ಮಾಡ್ದೆ, ಮಗಾ?"

ಅವನು ತಲೆ ಕೆರೆದುಕೊಂಡ. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.